ಮನೋವೈದ್ಯರನ್ನು ಕೇಳಿ: ಎಡಿಎಚ್‌ಡಿ ಮಾತ್ರೆ, ಜೂಜಿನ ತುಡಿತ

ಸುಮಾ: ಮೇಡಂ, ತಮ್ಮನಿಗೆ 34 ವರ್ಷ. ಎಡಿಎಚ್‌ಡಿಗೆ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಎರಡು ವರ್ಷದಿಂದ ದೀರ್ಘಾವಧಿಯ ಮೀಥೈಲ್‌ಫೆನಿಡೇಟ್ 36 ಮಿ.ಗ್ರಾಂ., ಖಿನ್ನತೆಗೆ ಫ್ಲೂಆಕ್ಸೆಟಿನ್ 20. ಮೂರು ತಿಂಗಳ ಕೆಳಗೆ ಅರಿಪಿಪ್ರಜೋಲ್ ಅನ್ನೋ ಮನೋರೋಗದ ಮಾತ್ರೆ ಸೇರಿಸಿದರು, ಈಗ 10. ರಾತ್ರಿಯೆಲ್ಲ ಆನ್‌ಲೈನ್ ಜೂಜು, ಮೈತುಂಬ ಸಾಲ. ಮೊದಲು ಇಸ್ಪೀಟೆಲೆ ಮುಟ್ಟಿದವನಲ್ಲ. ಎಡಿಎಚ್‌ಡಿ ಮಾತ್ರೆ ನಿಲ್ಲಿಸಿಬಿಡಲಾ?

ಡಾಕ್ಟರ್: ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ, ಮೊದಲು ಇದನ್ನು ಪೂರ್ತಿ ಓದಿ. ಎರಡು ವರ್ಷ ತಂಟೆ ಮಾಡದ ಮಾತ್ರೆಗಿಂತ ಮೂರು ತಿಂಗಳ ಹಿಂದೆ ಬಂದದ್ದರ ಮೇಲೇ ನನಗೆ ಗುಮಾನಿ. ಅರಿಪಿಪ್ರಜೋಲ್ ಮೆದುಳಿನ ಸಂದೇಶವಾಹಕ ಡೋಪಮಿನ್‌ನ ಡಿ2, ಡಿ3 ಗ್ರಾಹಕಗಳನ್ನು ಪೂರ್ತಿ ಮುಚ್ಚುವುದಿಲ್ಲ, ಸ್ವಲ್ಪ ಕೆರಳಿಸುತ್ತದೆ ಕೂಡ. ಜೂಜು, ಖರೀದಿ, ತಿನ್ನುವುದು, ಲೈಂಗಿಕತೆ ಇವುಗಳ ತುಡಿತ ಹತೋಟಿ ಮೀರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲೇ ಎಚ್ಚರಿಸಿದೆ. ಪಾರ್ಕಿನ್ಸನ್ಸ್‌ಗೆ ಕೊಡುವ ಪ್ರಾಮಿಪೆಕ್ಸೋಲ್ ಥರದ ಔಷಧಗಳಲ್ಲೂ ಇದನ್ನು ಕಂಡಿದ್ದಾರೆ: 2010ರಲ್ಲಿ ಪ್ರಕಟವಾದ, 3090 ರೋಗಿಗಳ ಅಧ್ಯಯನದಲ್ಲಿ ಅವನ್ನು ತೆಗೆದುಕೊಳ್ಳುವವರಲ್ಲಿ ಶೇ. 17, ತೆಗೆದುಕೊಳ್ಳದವರಲ್ಲಿ ಶೇ. 7ರಷ್ಟು ಮಂದಿಗೆ ಇಂಥ ತೊಂದರೆ ಇತ್ತು.

ಇನ್ನೊಂದು ಗಂಟಿದೆ. ಅರಿಪಿಪ್ರಜೋಲ್ ಅನ್ನು ಒಡೆಯುವ ಮುಖ್ಯ ಕಿಣ್ವಗಳಲ್ಲಿ ಸಿವೈಪಿ2ಡಿ6 ಒಂದು, ಫ್ಲೂಆಕ್ಸೆಟಿನ್ ಅದನ್ನೇ ಕಟ್ಟಿಹಾಕುತ್ತದೆ. 10 ನುಂಗಿದರೂ ರಕ್ತದಲ್ಲಿರುವುದು ಅದಕ್ಕಿಂತ ದೊಡ್ಡ ಡೋಸಿನ ಮಟ್ಟ.

ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು, ಜೂಜಿಗೆ ಮೊದಲ ದುಡ್ಡು ಹೋದ ತಾರೀಖಿನ ಕೆಳಗೆ ಗೆರೆ ಎಳೆಯಿರಿ. ಮಾತ್ರೆ ಶುರುವಾದ ದಿನ, ಡೋಸ್ ಏರಿಸಿದ ದಿನ ಪಕ್ಕದಲ್ಲೇ ಬರೆಯಿರಿ. ಆ ಹಾಳೆ ಹಿಡಿದು ಅವರ ವೈದ್ಯರನ್ನು ನಾಳೆಯೇ ಕಾಣಿ. ಅರಿಪಿಪ್ರಜೋಲ್‌ನ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿ ಅರ್ಧಕ್ಕಿಳಿಯುವ ಸಮಯ, ಸುಮಾರು 75 ಗಂಟೆ. ಅವರು ನಿಲ್ಲಿಸಿದರೂ ಮೈಯಿಂದ ಇಳಿಯಲು ಎರಡು ಮೂರು ವಾರ ಬೇಕು. ಅಲ್ಲಿತನಕ ಕಾರ್ಡು, ಪಾಸ್‌ವರ್ಡು ನಿಮ್ಮ ಹತ್ತಿರ ಇರಲಿ. ಎರಡೇ ಗಂಟೆ ನಿದ್ದೆ ಮಾಡಿಯೂ ದಣಿವಿಲ್ಲ, ಮಾತು ನಿಲ್ಲುತ್ತಿಲ್ಲ ಅಂದರೆ ಉನ್ಮಾದವಿರಬಹುದು, ನಾಳೆಗೆ ಕಾಯಬೇಡಿ. ಸಾಯುವ ಮಾತು ಬಂದರೂ ಅಷ್ಟೇ.

ರಮೇಶ್: ಮೀಥೈಲ್‌ಫೆನಿಡೇಟ್ ಚಟ ಹಿಡಿಸುತ್ತಾ?

ಡಾಕ್ಟರ್: ನುಂಗಿದರೆ ಮೆದುಳಿನಲ್ಲಿ ಗರಿಷ್ಠ ಮಟ್ಟ ಮುಟ್ಟಲು ಒಂದು ಗಂಟೆಯಾದರೂ ಬೇಕು, ಚುಚ್ಚಿಕೊಂಡರೆ ಹತ್ತು ನಿಮಿಷ ಸಾಕು. ಅಮಲೇರಿಸುವುದು ಆ ವೇಗ. ಹೇಳಿದ ಡೋಸ್ ನುಂಗುವವರಿಗೆ ಅಪಾಯ ಕಡಿಮೆ. ಹಿಂದೆ ಮಾದಕ ವಸ್ತು ಬಳಸಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ.

ಲತಾ: "ದೀರ್ಘಾವಧಿ ಮಾತ್ರೆ ಪುಡಿ ಮಾಡಿ ಜ್ಯೂಸಿನಲ್ಲಿ ಕುಡಿದರೆ ಹೊಟ್ಟೆಗೆ ಹಗುರ" ಅಂತ ಫಾರ್ವರ್ಡ್ ಬಂದಿದೆ.

ಡಾಕ್ಟರ್: ಅಳಿಸಿ, ಯಾರಿಗೂ ಕಳಿಸಬೇಡಿ. ಪಂಪಿನಂತೆ ಕೆಲಸ ಮಾಡುವ ಆ ಮಾತ್ರೆಯಲ್ಲಿ ಹೊರಪದರದ ಔಷಧ ಮಾತ್ರ ಕೂಡಲೇ ಬಿಡುಗಡೆಯಾಗುತ್ತದೆ, ಉಳಿದದ್ದು ದಿನವಿಡೀ ನಿಧಾನವಾಗಿ. ಪುಡಿ ಮಾಡಿದರೆ ಇಡೀ ದಿನದ್ದು ಒಟ್ಟಿಗೇ: ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಏರುತ್ತದೆ, ಸಂಜೆಗೆ ಔಷಧವೇ ಇರುವುದಿಲ್ಲ. ಮಲದಲ್ಲಿ ಖಾಲಿ ಸಿಪ್ಪೆ ಕಂಡರೆ ಗಾಬರಿ ಬೇಡ, ಅದು ಕರಗುವುದಿಲ್ಲ.

ವಿನಯ್: ಮೇಡಂ, ಇದು ಅಭ್ಯಾಸ ಆಗಿಬಿಡುತ್ತಾ?

ಡಾಕ್ಟರ್: ರಮೇಶ್ ಅವರಿಗೆ ಬರೆದಿದ್ದೇನೆ.

ಪ್ರಕಾಶ್: ಜೂಜು, ಕೂದಲು ಕೀಳೋದು, ಕದಿಯೋದು ಎಲ್ಲ ಒಂದೇ ರೋಗ. ಎಲ್ಲಕ್ಕೂ ಎನ್‌ಎಸಿ (ಎನ್-ಅಸಿಟೈಲ್‌ಸಿಸ್ಟೀನ್) ಪುಡಿ ಸಾಕು.

ಗೀತಾ: ಒಂದೇ ಅಲ್ಲ. ಅಮೆರಿಕದ ಮನೋವೈದ್ಯರ ರೋಗಪಟ್ಟಿಯಾದ 2013ರ ಡಿಎಸ್‌ಎಂ-5ರಲ್ಲಿ ಜೂಜು ವ್ಯಸನಗಳ ಜೊತೆ ಹೋಯಿತು, ಕೂದಲು ಕೀಳುವುದು ಒಸಿಡಿ (ಗೀಳು ರೋಗ) ಗುಂಪಿಗೆ. ಈ ಮೂರರಲ್ಲಿ ಕದಿಯುವುದಷ್ಟೇ ಇಂಪಲ್ಸ್ ಕಂಟ್ರೋಲ್ (ತುಡಿತದ ಹತೋಟಿ) ಗುಂಪಿನಲ್ಲಿ ಉಳಿದದ್ದು.

ಪ್ರಕಾಶ್: ಕಪಾಟು ಬದಲಾದರೆ ರೋಗ ಬದಲಾಗುತ್ತಾ? ಕೂದಲು ಕೀಳುವವರಿಗೆ 2009ರಲ್ಲಿ ಎನ್‌ಎಸಿ ಕೊಟ್ಟಾಗ ಶೇ. 56 ಮಂದಿ ಸುಧಾರಿಸಿದರು.

ಗೀತಾ: ಒಟ್ಟು 50 ಜನ ವಯಸ್ಕರು, 12 ವಾರ, ದಿನಕ್ಕೆ 1200ರಿಂದ 2400 ಮಿ.ಗ್ರಾಂ. ಮಕ್ಕಳ ಮೇಲೆ 2013ರಲ್ಲಿ ನೋಡಿದಾಗ ಹುಸಿ ಮಾತ್ರೆಗಿಂತ ಏನೂ ಹೆಚ್ಚು ಸಿಗಲಿಲ್ಲ. ಜೂಜಿಗೆ ಅದೇ ಲೆಕ್ಕ ಹಾಕಬೇಡಿ.

ಪ್ರಕಾಶ್: ನೀವೇನು ಡಾಕ್ಟರಾ?

ಅನಿತಾ: ಮಗಳು ಉದ್ದ ಬೆಳೀತಿಲ್ಲ, ಮಾತ್ರೆಯಿಂದಾನಾ?

ಗೀತಾ: ಪ್ರಕಾಶ್, ನಾನು ಡಾಕ್ಟರ್ ಅಲ್ಲ, ಆದರೆ ಪ್ರಬಂಧ ಪೂರ್ತಿ ಓದಿದ್ದೇನೆ. ನೀವೂ ಓದಿ.

ಡಾಕ್ಟರ್: ಪ್ರಕಾಶ್, ಗೀತಾ ಹೇಳಿದ್ದು ಸರಿ. ಜಗಳ ಇಲ್ಲಿಗೆ ಬಿಡಿ. ಸುಮಾ, ತಾರೀಖು ಸಿಕ್ಕಿತಾ?

ಸುಮಾ: ಸಿಕ್ಕಿತು ಮೇಡಂ. 5ರಿಂದ 10ಕ್ಕೆ ಏರಿಸಿ ಒಂಬತ್ತನೇ ದಿನಕ್ಕೆ ಮೊದಲ ಪಾವತಿ. ನಿದ್ದೆ ಆರು ಗಂಟೆ ಮಾಡ್ತಾನೆ, ಹಗಲು ಹೊತ್ತಲ್ಲಿ.

ಡಾಕ್ಟರ್: ಆ ಒಂಬತ್ತು ದಿನದ ಲೆಕ್ಕವನ್ನೇ ವೈದ್ಯರಿಗೆ ಮೊದಲು ತೋರಿಸಿ. ತಮ್ಮನ ಎದುರಿಗೇ ತೋರಿಸಿ, ಇದು ಬರೀ ತನ್ನ ಗುಣದ ದೋಷ ಅಂದುಕೊಂಡು ಕೊರಗುತ್ತಿರಬಹುದು.