36ನೇ ಹಲ್ಲಿನ (ಕೆಳಗಿನ ಎಡಬದಿಯ ಮೊದಲ ದವಡೆಹಲ್ಲು) ಝಿರ್ಕೋನಿಯಾ ಎಂಬ ಗಟ್ಟಿ ಪಿಂಗಾಣಿಯ ಕ್ಯಾಪ್ ಕೂರುತ್ತಿಲ್ಲ, ಮೂರನೆಯ ಸಲ!

ಪಡುಗಾಳಿ, ಉಡುಪಿ:
ನಮ್ಮ ದಂತ ಲ್ಯಾಬಿನಲ್ಲಿ ಮೂರು ಕ್ಯಾಪ್ ಮಾಡಿದೆ, ಮೂರೂ ಅರ್ಧ ದಾರಿಯಲ್ಲಿ ನಿಲ್ಲುತ್ತವೆ. ಅಂಚಿನಲ್ಲಿ ಎಕ್ಸ್‌ಪ್ಲೋರರ್ (ಹಲ್ಲು ತಡವಿ ನೋಡುವ ಚೂಪು ಕೊಕ್ಕೆ) ಮೊನೆ ಸಲೀಸಾಗಿ ಒಳಗೆ ಹೋಗುತ್ತದೆ. ಕ್ಯಾಪಿಗೂ ಹಲ್ಲಿಗೂ ನಡುವೆ ಅಂಟಿಗಾಗಿ ಬಿಡುವ ಸಿಮೆಂಟ್ ಜಾಗ 50 ಮೈಕ್ರಾನ್ (0.05 ಮಿಲಿಮೀಟರ್) ಕೊಟ್ಟಿದ್ದೇನೆ. ಡಾಕ್ಟರರು "ಲ್ಯಾಬಿನದೇ ತಪ್ಪು" ಎಂದು ಫೋನ್ ಇಟ್ಟರು. ರೋಗಿ ಕುಂದಾಪುರದಿಂದ ಬಸ್ ಹತ್ತಿ ಬರುವ ಅಜ್ಜಿ. ಏನು ಮಾಡಲಿ?

ಬಂಟ್ವಾಳದವ:
ಡಾಕ್ಟರರು ಬಾಯಿಯಲ್ಲಿ ಮಾಡಿದ ಸ್ಕ್ಯಾನೇ ಸರಿಯಿಲ್ಲ ಮಾರಾಯರೇ. ವಸಡಿನಿಂದ ರಕ್ತ ಜಿನುಗುತ್ತಿದ್ದರೆ, ಎಂಜಲು ನಿಂತಿದ್ದರೆ ಅಂಚು ಕಾಣುವುದಿಲ್ಲ. ವಸಡು ಸರಿಸುವ ದಾರ ಹಾಕಿದ್ದರೇ?

ಪಡುಗಾಳಿ:
ಹಾಕಿದ್ದರಂತೆ. ಎರಡು ಸಲ ಸ್ಕ್ಯಾನ್ ಆಗಿದೆ.

ಬಂಟ್ವಾಳದವ:
ಹಾಗಾದರೆ ಮೂರನೆಯ ಸಲ ಮಾಡಿಸಿ. ಸ್ಕ್ಯಾನರ್ ಯಾವುದು?

ಮೇಣದಕೈ, ಮಂಗಳೂರು:
ಹಲ್ಲು ಕೊರೆದ ರೀತಿ ನೋಡಿದಿರಾ? ಏಣು ಚೂಪಾಗಿದ್ದರೆ ಕ್ಯಾಪಿನ ಒಳಗೆ ಅದರ ಮೂಲೆಗೆ 1 ಮಿಲಿಮೀಟರ್ ಬರ್ (ಯಂತ್ರದ ಕೊರೆಯುವ ಮೊನೆ) ಇಳಿಯುವುದಿಲ್ಲ. ಮೇಣದಲ್ಲಿ ಕೆತ್ತಿ ಎರಕ ಹೊಯ್ಯುತ್ತಿದ್ದ ಕಾಲಕ್ಕೆ ಈ ತಾಪತ್ರಯ ಇರಲಿಲ್ಲ. ಅಂಚಿನ ಸಂದು 120 ಮೈಕ್ರಾನ್ ಒಳಗಿದ್ದರೆ ಆಯಿತು.

ಅತ್ತಾವರ ಐದಕ್ಷ:
120 ಎಂಬುದು 1971ರಲ್ಲಿ ದಂತ ಸಂಶೋಧಕರಾದ ಮೆಕ್ಲೀನ್ ಮತ್ತು ಫಾನ್ ಫ್ರೌನ್‌ಹೋಫರ್ ಹೇಳಿದ ಲೆಕ್ಕ. ಇನ್ನೂ ಅದನ್ನೇ ಜಪಿಸುವುದೇ? ಕ್ಯಾಪ್ ಕೊರೆಯುವ ನನ್ನ ಐದು ಅಕ್ಷದ ಯಂತ್ರದಲ್ಲಿ ಅದರ ಅರ್ಧವೂ ಬರುವುದಿಲ್ಲ. ಕರೆಂಟು ಹೋದರೂ ಕುಲುಮೆ ಆರದಂತೆ ಎಂಟು ಬ್ಯಾಟರಿ ಇಟ್ಟಿದ್ದೇನೆ, ಫೋಟೊ ಹಾಕುತ್ತೇನೆ.

ಮೇಣದಕೈ:
ಆ ಅರ್ಧವನ್ನು ಎಲ್ಲಿ ಅಳೆದಿರಿ, ಬಾಯಿಯಲ್ಲೋ ಬ್ಯಾಟರಿಯ ಮೇಲೋ?

ಮಣಿಪಾಲದ ಹಳಬ:
ಜಗಳ ಆಮೇಲೆ. ಪಡುಗಾಳಿಯವರೇ, ಅದೇ ಸ್ಕ್ಯಾನಿನಿಂದ ಮಾಡೆಲ್ ಪ್ರಿಂಟ್ ಮಾಡಿದ್ದೀರಾ? ಅದರ ಮೇಲೆ ಕೂರುತ್ತದೆಯೇ?

ಪಡುಗಾಳಿ:
ಅಲ್ಲಿಯೂ ಕೂರುವುದಿಲ್ಲ. ಹೋದ ತಿಂಗಳವರೆಗೆ ಎಲ್ಲ ಸರಿಯಿತ್ತು. ಕ್ಯಾಪ್ ಕೊರೆದು ತೆಗೆಯುವ ಝಿರ್ಕೋನಿಯಾ ಡಿಸ್ಕ್ ಮುಗಿದು ಹೊಸ ಬ್ಯಾಚ್ ಹಾಕಿದ ಮೇಲೆಯೇ ಶುರು.

ಮಣಿಪಾಲದ ಹಳಬ:
ಇದನ್ನಲ್ಲವೇ ಮೊದಲು ಹೇಳಬೇಕಾದದ್ದು! ಸ್ಕ್ಯಾನ್ ತಪ್ಪಿದ್ದರೆ ಮಾಡೆಲ್‌ಗೆ ಕೂತು ಬಾಯಿಗೆ ಕೂರುತ್ತಿರಲಿಲ್ಲ. ಝಿರ್ಕೋನಿಯಾ 1500 ಡಿಗ್ರಿಯ ಆಸುಪಾಸಿನಲ್ಲಿ ಬೆಂದಾಗ ಸುಮಾರು ಐದರಲ್ಲೊಂದು ಪಾಲು ಕುಗ್ಗುತ್ತದೆ, ಅದಕ್ಕೇ ದೊಡ್ಡದಾಗಿ ಕೊರೆಯುವುದು. ಎಷ್ಟು ದೊಡ್ಡದು ಎಂಬ ಸಂಖ್ಯೆ ಬ್ಯಾಚಿನಿಂದ ಬ್ಯಾಚಿಗೆ ಬೇರೆ. ಡಿಸ್ಕಿನ ಮೇಲೆ ಏನು ಬರೆದಿದೆ?

ಪಡುಗಾಳಿ:
1.235. ಸಾಫ್ಟ್‌ವೇರ್‌ನಲ್ಲಿ ಹಳೆಯ 1.225 ಹಾಗೆಯೇ ಉಳಿದಿದೆ. ಇಷ್ಟಕ್ಕೇ ಹೀಗಾಗುತ್ತದೆಯೇ?

ಮಣಿಪಾಲದ ಹಳಬ:
10 ಮಿಲಿಮೀಟರ್ ಅಗಲಕ್ಕೆ 80 ಮೈಕ್ರಾನ್ ಚಿಕ್ಕದಾಯಿತು, ಒಂದೊಂದು ಬದಿಗೆ 40. ನಿಮ್ಮ 50ರಲ್ಲಿ ಉಳಿದದ್ದೆಷ್ಟು? ಅಂಚಿನ ಪಟ್ಟಿಯಲ್ಲಂತೂ ಸಿಮೆಂಟ್ ಜಾಗ ಬಿಡುವುದೇ ಇಲ್ಲ, ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ಒಳಗೆ ಉಜ್ಜಿ ಹಿಗ್ಗಿಸಲು ಹೋಗಬೇಡಿ, ಹೊಸದು ಕೊರೆಯಿರಿ.

ಪಡುಗಾಳಿ:
ಸಂಖ್ಯೆ ತಿದ್ದಿ ಕೊರೆದು ಈಗಷ್ಟೇ ಕುಲುಮೆಗೆ ಇಟ್ಟೆ. ಮೂರು ಕ್ಯಾಪಿನ ದುಡ್ಡು ನೀರಲ್ಲಿ ಹೋಮ. ಬೆಳಿಗ್ಗೆ ಮಾಡೆಲ್ ಮೇಲೆ ಕೂರಿಸಿ ನೋಡಿ ಹೇಳುತ್ತೇನೆ.

ಅತ್ತಾವರ ಐದಕ್ಷ:
ಬ್ಯಾಟರಿ ಇದೆಯಲ್ಲ? ಇಲ್ಲಿ ಗುಡುಗು ಜೋರಾಗಿದೆ.

ಬಂಟ್ವಾಳದವ:
ಅದೆಲ್ಲ ಇರಲಿ, ಸ್ಕ್ಯಾನರ್ ಯಾವುದೆಂದು ಇನ್ನೂ ಹೇಳಲಿಲ್ಲ.