ಸೈನ್ಸ್ ಜಿಪಿಎಗೆ ಯಾವ ಕೋರ್ಸ್ ಸೇರಿಸಬೇಕು? ನಮ್ಮ ಅನುಭವ

ಪ್ರಶ್ನೆ: ಮಗಳು ಅಮೆರಿಕದಲ್ಲಿ ಕಾಲೇಜಿನ ಮೂರನೇ ವರ್ಷ ಮುಗಿಸುತ್ತಿದ್ದಾಳೆ. ಈ ಸಲ ಮೆಡಿಕಲ್ ಸ್ಕೂಲ್‌ಗೆ ಅರ್ಜಿ ಹಾಕಬೇಕು. ಆಮ್ಕಾಸ್ (ಹಲವು ಮೆಡಿಕಲ್ ಸ್ಕೂಲುಗಳಿಗೆ ಒಟ್ಟಿಗೆ ಅರ್ಜಿ ಕಳಿಸುವ ವ್ಯವಸ್ಥೆ) ಅರ್ಜಿಯಲ್ಲಿ ಒಂದೊಂದು ಕೋರ್ಸೂ ಯಾವ ವಿಷಯಕ್ಕೆ ಸೇರಿದ್ದು ಅಂತ ನಾವೇ ಗುರುತು ಹಾಕಬೇಕಂತೆ. ಸೈಕಾಲಜಿಯವರು ಕಲಿಸಿದ ಸ್ಟಾಟಿಸ್ಟಿಕ್ಸ್, ನ್ಯೂಟ್ರಿಷನ್, ಬಯೋಮೆಡಿಕಲ್ ಎಂಜಿನಿಯರಿಂಗ್, ಇವನ್ನೆಲ್ಲ ಎಲ್ಲಿ ಹಾಕುವುದು? ಮಾಡಿದವರು ದಯವಿಟ್ಟು ಹೇಳಿ.

ಉತ್ತರ: ನಮ್ಮ ಮಗ ಎರಡು ವರ್ಷದ ಹಿಂದೆ ಅರ್ಜಿ ಹಾಕಿದ. ಗಾಬರಿ ಬೇಡ ಮೇಡಂ, ಆದರೆ ಕೊನೆ ಗಳಿಗೆಗೆ ಇಟ್ಟುಕೊಳ್ಳಬೇಡಿ.

ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಮ್ಯಾಥ್ಸ್, ಈ ನಾಲ್ಕನ್ನೇ ಸೇರಿಸಿ ಆಮ್ಕಾಸ್‌ನವರು ಸೈನ್ಸ್ ಜಿಪಿಎ, ಅಂದರೆ 4ಕ್ಕೆ ಇಷ್ಟು ಅನ್ನುವ ಗ್ರೇಡುಗಳ ಸರಾಸರಿ, ಲೆಕ್ಕ ಹಾಕುತ್ತಾರೆ. ಬಿಸಿಪಿಎಂ ಅಂತ ಮಕ್ಕಳು ಹೇಳುವುದು ಇದನ್ನೇ. ಕೋರ್ಸ್ ಯಾವ ಡಿಪಾರ್ಟ್‌ಮೆಂಟಿನದೇ ಇರಲಿ, ಅದರಲ್ಲಿ ಜಾಸ್ತಿ ನಡೆದ ಪಾಠ ಯಾವುದು ಅಂತ ನೋಡುತ್ತಾರೆ. ಹಾಗಾಗಿ ನಿಮ್ಮ ಮಗಳ ಸ್ಟಾಟಿಸ್ಟಿಕ್ಸ್ ಧೈರ್ಯವಾಗಿ ಮ್ಯಾಥ್ಸ್‌ಗೆ ಹಾಕಿ. ನ್ಯೂಟ್ರಿಷನ್ ಅವರ ಪಟ್ಟಿಯಲ್ಲಿ ಹೆಲ್ತ್ ಸೈನ್ಸ್‌ಗೆ ಹೋಗುತ್ತದೆ, ಬಯೋಮೆಡಿಕಲ್ ಎಂಜಿನಿಯರಿಂಗ್ ಎಂಜಿನಿಯರಿಂಗ್‌ಗೇ ಹೋಗುತ್ತದೆ. ಇವೆರಡೂ ಬಿಸಿಪಿಎಂ ಅಲ್ಲ. ಅಷ್ಟು ಕಷ್ಟಪಟ್ಟು ಓದಿದ ಎಂಜಿನಿಯರಿಂಗ್ ಸೈನ್ಸ್ ಲೆಕ್ಕಕ್ಕೆ ಬರುವುದಿಲ್ಲ ಅಂದರೆ ಬೇಜಾರಾಗುತ್ತದೆ ಅಲ್ವಾ? ಒಟ್ಟು ಜಿಪಿಎಯಲ್ಲಿ ಅದು ಇದ್ದೇ ಇರುತ್ತದೆ.

ನಮಗೆ ತಲೆಬಿಸಿ ಮಾಡಿದ್ದು 'ಬ್ರೈನ್ ಆಂಡ್ ಬಿಹೇವಿಯರ್' ಅನ್ನುವ ಒಂದು ಕೋರ್ಸ್. ಕೋಡ್ ಸೈಕಾಲಜಿಯದು. ಒಂದು ಭಾನುವಾರ ಊಟದ ಮೇಜಿನ ಮೇಲೆ ಸಿಲಬಸ್ ಹರಡಿಕೊಂಡು, ಹಳದಿ ಮಾರ್ಕರ್ ಹಿಡಿದು ವಾರ ವಾರ ಎಣಿಸಿದೆವು. 14 ವಾರದಲ್ಲಿ 10 ವಾರ ನರಕೋಶ, ಸಿನಾಪ್ಸ್, ಹಾರ್ಮೋನು. ಬಯಾಲಜಿ ಅಂತ ಹಾಕಿದ, ಹಾಗೇ ಒಪ್ಪಿದರು. ಅವನ ಹೆಲ್ತ್ ಸೈಕಾಲಜಿ ಕೋರ್ಸನ್ನೂ ಹೀಗೇ ಎಣಿಸಿದರೆ ದೇಹದ ಪಾಠ ಎರಡೇ ವಾರ. 'ಎ' ಬಂದಿತ್ತು, ಸೇರಿಸಲು ಅವನಿಗೆ ತುಂಬಾ ಆಸೆ. ನಾನು ಬೇಡ ಅಂದೆ. ಮುಂದೆ ಡಾಕ್ಟರ್ ಆಗುವವನು ತನ್ನ ಮೊದಲ ಕಾಗದದಲ್ಲೇ ಹೊಂದದ್ದನ್ನು ಎಳೆದು ತಂದು ಸೇರಿಸುವುದು ನನಗೆ ಸರಿ ಕಾಣಲಿಲ್ಲ.

ಒಂದು ಪಬ್ಲಿಕ್ ಹೆಲ್ತ್ ಕೋರ್ಸನ್ನು ಮಾತ್ರ ತಿಳಿಯದೆ ಬಯಾಲಜಿಗೆ ಹಾಕಿದ್ದ. ಅವರೇ ಹೆಲ್ತ್ ಸೈನ್ಸ್‌ಗೆ ಬದಲಾಯಿಸಿದರು. ಅರ್ಜಿಗೆ ಏನೂ ತೊಂದರೆ ಆಗಲಿಲ್ಲ. ಅವರ ಬದಲಾವಣೆ ತಪ್ಪು ಅನಿಸಿದರೆ ಪರಿಶೀಲನೆ ಮುಗಿದ 10 ದಿನದೊಳಗೆ ಮತ್ತೆ ನೋಡಿ ಅಂತ ಕೇಳಬಹುದು. ಅದಕ್ಕೇ ಹೇಳುವುದು, ಅನುಮಾನ ಇರುವ ಕೋರ್ಸುಗಳ ಸಿಲಬಸ್ಸನ್ನು ಈಗಲೇ ಇಳಿಸಿ ಇಟ್ಟುಕೊಳ್ಳಿ. ಸೆಮಿಸ್ಟರ್ ಮುಗಿದ ಮೇಲೆ ಮೇಷ್ಟ್ರಿಗೆ ಈಮೇಲ್ ಮಾಡಿ ಕಾಯುವುದು ಸಾಕಾಗಿ ಹೋಗುತ್ತದೆ.

ಇನ್ನೊಬ್ಬರು: ನಾನೀಗ ಮೆಡಿಕಲ್ ಸ್ಕೂಲ್ ಎರಡನೇ ವರ್ಷದಲ್ಲಿದ್ದೇನೆ. ಆಂಟಿ, ಒಂದು ಕೋರ್ಸಿನಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ಲೆಕ್ಕ ಹಾಕಿ ನೋಡಿ. ಸೈನ್ಸ್‌ನಲ್ಲಿ 60 ಕ್ರೆಡಿಟ್, ಜಿಪಿಎ 3.50 ಅಂತ ಇಟ್ಟುಕೊಳ್ಳಿ. 4 ಕ್ರೆಡಿಟ್‌ನ ಸ್ಟಾಟಿಸ್ಟಿಕ್ಸ್‌ನಲ್ಲಿ 'ಎ' ಬಂದಿದ್ದರೆ ಅದು 3.53 ಆಗುತ್ತದೆ, ಅಷ್ಟೇ. ನಾನು ಇದಕ್ಕಾಗಿ ಸುಮ್ನೆ ಎರಡು ರಾತ್ರಿ ನಿದ್ದೆ ಕೆಟ್ಟಿದ್ದೆ. ತಂಗಿಗೆ ಹೇಳಿ, ಆ ಹೊತ್ತನ್ನು ಅರ್ಜಿಯ ಪ್ರಬಂಧಕ್ಕೆ ಕೊಡಲಿ.

ಮರೆಯಬಾರದ್ದು ಇನ್ನೊಂದಿದೆ. ಹೈಸ್ಕೂಲಿನಲ್ಲಿದ್ದಾಗ ಕಮ್ಯುನಿಟಿ ಕಾಲೇಜಿನಲ್ಲಿ ತೆಗೆದುಕೊಂಡ ಕೋರ್ಸನ್ನೂ ಬರೆಯಬೇಕು. ಕೆಮಿಸ್ಟ್ರಿಯಲ್ಲಿ 'ಸಿ' ಬಂತು ಅಂತ ಮತ್ತೆ ಓದಿ 'ಎ' ತೆಗೆದರೂ ಎರಡೂ ಲೆಕ್ಕಕ್ಕೆ ಬರುತ್ತವೆ, ಕಾಲೇಜು ಹಳೆಯ ಗ್ರೇಡನ್ನು ಬಿಟ್ಟುಬಿಟ್ಟಿದ್ದರೂ ಸರಿ. ಬಯೋಕೆಮಿಸ್ಟ್ರಿ ಅವರ ಪಟ್ಟಿಯಲ್ಲಿ ಕೆಮಿಸ್ಟ್ರಿ ಕೆಳಗಿದೆ. ಡಿಒ (ಆಸ್ಟಿಯೋಪಥಿಕ್ ಮೆಡಿಸಿನ್ ಪದವಿ ಕೊಡುವ) ಸ್ಕೂಲುಗಳಿಗೂ ಹಾಕುವುದಾದರೆ ಅಲ್ಲಿನ ಸೈನ್ಸ್ ಜಿಪಿಎಗೆ ಮ್ಯಾಥ್ಸ್ ಸೇರುವುದಿಲ್ಲ, ಹಾಗಾಗಿ ಎರಡು ಅರ್ಜಿಯಲ್ಲಿ ಎರಡು ಅಂಕಿ ಕಂಡರೆ ಹೆದರಬೇಡಿ.

ಮತ್ತೊಬ್ಬರು: ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲಿ ಒಂದು ವರ್ಷ ಬಿಎಸ್ಸಿ ಓದಿ ಇಲ್ಲಿಗೆ ಬಂದವಳು. ಅಲ್ಲಿ ಒಳ್ಳೆಯ ಅಂಕ ಇತ್ತು, ಸೈನ್ಸ್ ಜಿಪಿಎಗೆ ಸೇರುತ್ತದೆ ಅಂದುಕೊಂಡಿದ್ದೆವು. ಆಮ್ಕಾಸ್ ಹೊರದೇಶದ ಅಂಕಪಟ್ಟಿ ತೆಗೆದುಕೊಳ್ಳುವುದಿಲ್ಲ. ಇಲ್ಲಿನ ಕಾಲೇಜು ಆ ಕ್ರೆಡಿಟ್ ಒಪ್ಪಿಕೊಂಡಿದ್ದರೆ ಮಾತ್ರ ಆ ಕೋರ್ಸುಗಳನ್ನು ಬರೆಯಬಹುದು. ಊರಿಂದ ಬಂದು ಸೇರಿದ ಮಕ್ಕಳು ಮೊದಲ ಸೆಮಿಸ್ಟರಿನಲ್ಲೇ ಅಡ್ವೈಸರ್ ಹತ್ತಿರ ಇದನ್ನು ಕೇಳಿಬಿಡಲಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಇವತ್ತು ರಾತ್ರಿ ಸಿಲಬಸ್ ಪ್ರಿಂಟ್ ತೆಗೆದು ಕೂರುತ್ತೇವೆ. ಅವಳದೊಂದು ಎನ್ವಿರಾನ್‌ಮೆಂಟಲ್ ಸೈನ್ಸ್ ಕೋರ್ಸ್ ಇದೆ, ಅರ್ಧಕ್ಕಿಂತ ಜಾಸ್ತಿ ಇಕಾಲಜಿ ಅಂತಾಳೆ. ಎಣಿಸಿ ನೋಡಿ ಬರೆಯುತ್ತೇನೆ.