ಪದಚರ್ಚೆ: ಮರುಬಿಡುಗಡೆಯೋ, ಹೊಸ ಧ್ವನಿಮುದ್ರಣವೋ?

ಪ್ರಶ್ನೆ

‘ಅನ್‌ಚೈನ್ಡ್ ಮೆಲಡಿ’ ಹಾಡಿನ ಬಿಡುಗಡೆಯ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಬೇಕಾಗಿದೆ. 1955, 1965, 1990 ಎಲ್ಲಕ್ಕೂ ‘ಬಿಡುಗಡೆ’, ‘ಮರುಬಿಡುಗಡೆ’ ಎಂದರೆ ಸಾಕೇ? ‘ಮರುಮುದ್ರಣ’ ಎನ್ನಬಹುದೇ? ‘ಸಿಂಗಲ್’, ‘ಬಿ ಸೈಡ್’, ‘ಕವರ್’ ಇವುಗಳಿಗೆ ಬಳಕೆಯಲ್ಲಿರುವ ಪದಗಳಿದ್ದರೆ ತಿಳಿಸಿ.

ಉತ್ತರ 1

ಸಾಲದು. ಬೇರೆ ಹಾಡಾಗಿದ್ದರೆ ಹೇಗೋ ನಡೆದೀತು. ಇಲ್ಲಿ ‘1990ರ ಮರುಬಿಡುಗಡೆ’ ಎಂದು ಬರೆದರೆ, ಯಾವುದರದು ಎಂದು ಓದುಗ ಕೇಳುತ್ತಾನೆ. ಆ ವರ್ಷ ಒಂದೇ ಜೋಡಿ ಹೆಸರಿನ ಇದೇ ಹಾಡಿನ ಎರಡು ಧ್ವನಿಮುದ್ರಣಗಳು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಇಪ್ಪತ್ತರೊಳಗೆ ಒಟ್ಟಿಗೇ ಇದ್ದವು. ಆ ವರ್ಷದ ‘ಘೋಸ್ಟ್’ ಸಿನಿಮಾದಲ್ಲಿ ಕೇಳಿಸಿದ್ದು ರೈಚಸ್ ಬ್ರದರ್ಸ್ ಎಂಬ ಆ ಗಾಯಕ ಜೋಡಿಯ 1965ರ ಧ್ವನಿಮುದ್ರಣ. ಸಿನಿಮಾ ಗೆದ್ದ ಮೇಲೆ ಅದನ್ನೇ ವರ್ವ್ ಕಂಪನಿ ಮತ್ತೆ ಹೊರತಂದಿತು. ಅದು 13ನೇ ಸ್ಥಾನದವರೆಗೆ ಏರಿತು. ಅದೇ ಹೊತ್ತಿಗೆ ಅದೇ ಜೋಡಿ ಕರ್ಬ್ ಕಂಪನಿಗೆ ಹಾಡನ್ನು ಹೊಸದಾಗಿ ಧ್ವನಿಮುದ್ರಿಸಿ ಕೊಟ್ಟಿತು. ಅದು 19ನೇ ಸ್ಥಾನ ಮುಟ್ಟಿತು. ಆ ಪಟ್ಟಿ ರೇಡಿಯೊ ಪ್ರಸಾರ ಮತ್ತು ಅಂಗಡಿ ಮಾರಾಟ ಎರಡನ್ನೂ ಕೂಡಿಸಿ ಲೆಕ್ಕ ಹಾಕುತ್ತಿತ್ತು. ಹಳೆಯದನ್ನು ಮುಖ್ಯವಾಗಿ ರೇಡಿಯೊ ಮೇಲೆತ್ತಿತು, ಹೊಸದನ್ನು ಕ್ಯಾಸೆಟ್ ಮಾರಾಟ.

ಹಾಗಾಗಿ ಮೊದಲು ಮೂರನ್ನು ಬಿಡಿಸಿಕೊಳ್ಳಿ. ಹಾಡು ಎಂದರೆ ಅಲೆಕ್ಸ್ ನಾರ್ತ್ ಸಂಗೀತ, ಹೈ ಜಾರೆಟ್ ಸಾಹಿತ್ಯ, ಅದು ಒಂದೇ. ಧ್ವನಿಮುದ್ರಣ ಎಂದರೆ ಒಬ್ಬರು ಒಂದು ಸಲ ಹಾಡಿ ಟೇಪಿಗೆ ಇಳಿಸಿದ್ದು. ಇವು ನೂರಾರು ಇವೆ. ಧ್ವನಿಮುದ್ರಿಕೆ ಎಂದರೆ ಅಂಗಡಿಯಲ್ಲಿ ಸಿಗುವ ಗ್ರಾಮಫೋನ್ ತಟ್ಟೆ. ‘ಮುದ್ರಣ’, ‘ಮುದ್ರಿಕೆ’ ಎಂಬ ಈ ಜೋಡಿ ಕನ್ನಡದಲ್ಲಿ ಮೊದಲಿನಿಂದ ಇದ್ದರೂ ಬರೆಯುವವರು ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿಬಿಡುತ್ತಾರೆ. ‘ಬಿಡುಗಡೆ’ ಸಲ್ಲುವುದು ಮೂರನೆಯದಕ್ಕೆ ಮಾತ್ರ. ಈ ವ್ಯತ್ಯಾಸ ಬರೀ ವ್ಯಾಕರಣದ ಚರ್ಚೆಯಲ್ಲ, ದುಡ್ಡಿನದೂ ಹೌದು. ಹಾಡಿನ ಹಕ್ಕು ರಚನಕಾರರು ಮತ್ತು ಅವರ ಪ್ರಕಾಶಕರದು; ಧ್ವನಿಮುದ್ರಣದ ಹಕ್ಕು ಆ ಟೇಪಿನ ಒಡೆಯರದು. ಹಳೆಯ ಟೇಪನ್ನು ಮತ್ತೆ ಬಿಡುಗಡೆ ಮಾಡಲು ಒಡೆಯರ ಒಪ್ಪಿಗೆ ಬೇಕು. ಅದಿಲ್ಲದ ಕಂಪನಿಗೆ ಉಳಿಯುವ ದಾರಿ, ರಚನಕಾರರ ಪಾಲು ಕೊಟ್ಟು ಹೊಸದಾಗಿ ಹಾಡಿಸುವುದು. 1990ರಲ್ಲಿ ಎರಡು ಧ್ವನಿಮುದ್ರಣ ಒಟ್ಟಿಗೆ ಬಂದದ್ದರ ಹಿಂದೆ ಇರುವುದು ಇದೇ ಲೆಕ್ಕ.

‘ಮರುಮುದ್ರಣ’ ಬೇಡವೇ ಬೇಡ. ಪುಸ್ತಕದಲ್ಲಿ ಅದರ ಅರ್ಥ ಸ್ಪಷ್ಟ: ಅದೇ ಪಠ್ಯ, ಮತ್ತೆ ಅಚ್ಚು. ಧ್ವನಿಯ ವಿಷಯಕ್ಕೆ ಬಂದರೆ ‘ಧ್ವನಿಮುದ್ರಣ’ವನ್ನು ಎಲ್ಲರೂ ‘ಮುದ್ರಣ’ ಎಂದು ಮೊಟಕು ಮಾಡುವುದರಿಂದ, ‘ಮರುಮುದ್ರಣ’ವನ್ನು ಅರ್ಧ ಜನ ಹಳೆಯ ತಟ್ಟೆಯನ್ನು ಮತ್ತೆ ಒತ್ತಿದ್ದು ಎಂದೂ, ಇನ್ನರ್ಧ ಜನ ಮತ್ತೆ ಹಾಡಿಸಿದ್ದು ಎಂದೂ ಓದುತ್ತಾರೆ. ‘ರೀರೆಕಾರ್ಡಿಂಗ್’ ಎಂದು ಇಂಗ್ಲಿಷನ್ನೇ ಉಳಿಸಿಕೊಂಡರೂ ತಪ್ಪಿಸಿಕೊಳ್ಳಲಾಗದು: ಗಾಂಧಿನಗರದಲ್ಲಿ ಆ ಮಾತಿಗೆ ಸಿನಿಮಾದ ಹಿನ್ನೆಲೆ ಸಂಗೀತ ಕೂರಿಸುವ ಕೆಲಸ ಎಂಬ ಅರ್ಥ ಎಂದೋ ಗಟ್ಟಿಯಾಗಿದೆ. ನನ್ನ ಆಯ್ಕೆ ಹೀಗೆ: ಅದೇ ಟೇಪು ಮತ್ತೆ ಮಾರುಕಟ್ಟೆಗೆ ಬಂದರೆ ‘ಮರುಬಿಡುಗಡೆ’, ಅದೇ ಗಾಯಕರು ಮತ್ತೆ ಹಾಡಿದರೆ ‘ಹೊಸ ಧ್ವನಿಮುದ್ರಣ’. ಎರಡನೆಯದಕ್ಕೆ ‘ಮರು’ ಸೇರಿಸದಿದ್ದರೆ ಗೊಂದಲದ ಅರ್ಧ ಭಾಗ ಅಲ್ಲೇ ಹೋಗುತ್ತದೆ.

‘ಮೂಲ ಹಾಡು’ ಎಂಬ ಮಾತಿನ ಬಗ್ಗೆಯೂ ಎಚ್ಚರ. ‘ಘೋಸ್ಟ್’ ನೋಡಿದವರು 1965ರದ್ದನ್ನು ಮೂಲ ಎನ್ನುತ್ತಾರೆ. ಹಾಡು ಹುಟ್ಟಿದ್ದು 1955ರ ‘ಅನ್‌ಚೈನ್ಡ್’ ಸಿನಿಮಾಕ್ಕಾಗಿ. ತೆರೆಯ ಮೇಲೆ ಅದನ್ನು ಹಾಡಿದವರು ಟಾಡ್ ಡಂಕನ್. ಕಥೆ ನಡೆಯುವುದು ಜೈಲಿನಲ್ಲಿ. ಹಾಡಿನ ಹೆಸರು ಸಿನಿಮಾದಿಂದ ಬಂದದ್ದೇ ಹೊರತು ಸಾಹಿತ್ಯದಲ್ಲಿ ಎಲ್ಲೂ ಆ ಪದವಿಲ್ಲ. (ಕೈದಿಗೂ ತಟ್ಟೆಗೂ ಕನ್ನಡದಲ್ಲಿ ಒಂದೇ ‘ಬಿಡುಗಡೆ’ ಆದ್ದರಿಂದ ಈ ಒಂದು ವಾಕ್ಯವನ್ನು ಮಾತ್ರ ಜೋಪಾನವಾಗಿ ಕಟ್ಟಿ.) ಅದೇ ವರ್ಷ ಲೆಸ್ ಬ್ಯಾಕ್ಸ್‌ಟರ್, ಅಲ್ ಹಿಬ್ಲರ್, ರಾಯ್ ಹ್ಯಾಮಿಲ್ಟನ್ ಅವರ ಧ್ವನಿಮುದ್ರಿಕೆಗಳು ಅಮೆರಿಕದಲ್ಲಿ ಪೈಪೋಟಿಗೆ ಬಿದ್ದು ಮಾರಾಟವಾದವು. ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋದದ್ದು ಜಿಮ್ಮಿ ಯಂಗ್ ಹಾಡಿದ್ದು. ಇವರಲ್ಲಿ ಯಾರದನ್ನು ಮೂಲ, ಯಾರದನ್ನು ನಕಲು ಎನ್ನುವುದು? ಆಗ ಜನ ಹಾಡನ್ನು ಕೊಳ್ಳುತ್ತಿದ್ದರು, ಪ್ರತಿ ಕಂಪನಿಯೂ ತನ್ನ ಗಾಯಕನಿಂದ ಅದನ್ನು ಹಾಡಿಸುತ್ತಿತ್ತು. ‘ಮೂಲ’ ಬಿಟ್ಟು ಇಸವಿ ಬರೆಯಿರಿ: ‘1965ರ ಧ್ವನಿಮುದ್ರಣ’. ಇದಕ್ಕಿಂತ ಖಚಿತವಾದ ಮಾತು ಬೇರೆ ಬೇಕಿಲ್ಲ.

ಉತ್ತರ 2

ಮೇಲಿನದನ್ನು ಒಪ್ಪುತ್ತೇನೆ. ಉಳಿದ ಪದಗಳ ಬಗ್ಗೆ ಮಾತ್ರ ಬರೆಯುವೆ.

‘ಸಿಂಗಲ್’ (ಒಂದು ಹಾಡನ್ನು ಮುಂದಿಟ್ಟು ಮಾರುವ ಚಿಕ್ಕ ತಟ್ಟೆ) ಹಾಗೆಯೇ ಇರಲಿ. ‘ಏಕಗೀತೆ’ ಎಂದು ಕೆಲವರು ಬರೆಯುತ್ತಾರೆ. ಅದು ಲೆಕ್ಕಕ್ಕೇ ಹೊಂದುವುದಿಲ್ಲ, ಏಕೆಂದರೆ ನಿಮಿಷಕ್ಕೆ 45 ಸುತ್ತಿನ ಏಳು ಇಂಚಿನ ತಟ್ಟೆಯಲ್ಲಿ ಸಾಮಾನ್ಯವಾಗಿ ಎರಡು ಹಾಡು, ಒಂದೊಂದು ಬದಿಗೆ ಒಂದು. ಆ ಬದಿಗಳಿಗೆ ‘ಎ ಬದಿ’, ‘ಬಿ ಬದಿ’ ಸಾಕು. ‘ಮುಖ್ಯ ಹಾಡು’, ‘ಉಪ ಹಾಡು’ ಎಂದು ಅನುವಾದಿಸಿದರೆ ಈ ಹಾಡಿನಲ್ಲೇ ಎಡವುತ್ತೀರಿ. ರೈಚಸ್ ಬ್ರದರ್ಸ್ ಅವರ 1965ರ ಧ್ವನಿಮುದ್ರಣ ಮೊದಲು ಬಂದ, ಫಿಲ್ಲೆಸ್ ಕಂಪನಿಯ 129ನೇ ಸಂಖ್ಯೆಯ ತಟ್ಟೆಯಲ್ಲಿ ಎ ಬದಿಗೆ ಇದ್ದದ್ದು ‘ಹಂಗ್ ಆನ್ ಯು’. ‘ಅನ್‌ಚೈನ್ಡ್ ಮೆಲಡಿ’ ಬಿ ಬದಿಗೆ. ರೇಡಿಯೊದವರು ತಟ್ಟೆ ತಿರುಗಿಸಿ ಹಾಕಿದರು, ಬಿ ಬದಿಯ ಹಾಡು 4ನೇ ಸ್ಥಾನಕ್ಕೆ ಹೋಯಿತು. ಎ, ಬಿ ಎನ್ನುವುದು ಕಂಪನಿಯ ಉದ್ದೇಶ, ಜನರ ತೀರ್ಪಲ್ಲ.

ಇದೇ ತಟ್ಟೆಯ ಲೇಬಲ್ಲಿನಲ್ಲಿ ಇನ್ನೊಂದು ತೊಡಕಿದೆ. ಹೆಸರು ಇಬ್ಬರದು, ಹಾಡಿರುವುದು ಬಾಬಿ ಹ್ಯಾಟ್‌ಫೀಲ್ಡ್ ಒಬ್ಬರೇ. ಅದನ್ನು ‘ಯುಗಳಗೀತೆ’ ಎಂದು ಬರೆದಿರುವುದನ್ನು ನೋಡಿದರೆ ಬರೆದವರು ಹಾಡು ಕೇಳಿಲ್ಲ ಎಂದೇ ತಿಳಿಯಬೇಕು. ‘ರೈಚಸ್ ಬ್ರದರ್ಸ್ ಹೆಸರಿನಲ್ಲಿ ಬಂದ, ಹ್ಯಾಟ್‌ಫೀಲ್ಡ್ ಹಾಡಿದ’ ಎಂದು ಬಿಡಿಸಿ ಬರೆಯಿರಿ.

ಒಬ್ಬರ ಹಾಡನ್ನು ಇನ್ನೊಬ್ಬರು ಹಾಡಿದರೆ ಅದು ಇಂಗ್ಲಿಷಿನಲ್ಲಿ ‘ಕವರ್’. ಕನ್ನಡದಲ್ಲಿ ಆ ಪದ ಲಕೋಟೆ, ಪ್ಲಾಸ್ಟಿಕ್ ಚೀಲ, ತಟ್ಟೆಯ ಹೊದಿಕೆ. ‘ಈ ಹಾಡಿನ ಕವರ್ ಚೆನ್ನಾಗಿದೆ’ ಎಂದರೆ ಚಿತ್ರದ ಹೊಗಳಿಕೆಯಾಗಿಬಿಡುತ್ತದೆ. ‘ಕವರ್ ಹಾಡು’ ಎಂದರೆ ಇಂದಿನ ಓದುಗರಿಗೆ ಗೊತ್ತಾಗುತ್ತದೆ, ಇಲ್ಲವೇ ‘ಹಾಡಿದರು’ ಎಂಬ ಕ್ರಿಯಾಪದವೇ ಸಾಕು: ‘1995ರಲ್ಲಿ ರಾಬ್ಸನ್ ಮತ್ತು ಜೆರೋಮ್, 2002ರಲ್ಲಿ ಗ್ಯಾರೆತ್ ಗೇಟ್ಸ್ ಇದನ್ನು ಹಾಡಿದರು, ಎರಡೂ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಬಂದವು.’

ಕರ್ಬ್‌ನವರ 1990ರ ಧ್ವನಿಮುದ್ರಣ ಮುಖ್ಯವಾಗಿ ಮಾರಾಟವಾದದ್ದು ಕ್ಯಾಸೆಟ್ ಸಿಂಗಲ್ ರೂಪದಲ್ಲಿ. ಟೇಪೇ ಇಲ್ಲದ ಕಾಲದಲ್ಲೂ ಪತ್ರಿಕೆಗಳು ‘ಧ್ವನಿಸುರುಳಿ ಬಿಡುಗಡೆ’ ಎನ್ನುತ್ತಿರುವುದಕ್ಕೆ ನನ್ನ ತಕರಾರು ಇದ್ದೇ ಇದೆ. ಇಲ್ಲಿ ಮಾತ್ರ ಧ್ವನಿಸುರುಳಿ ಎಂಬುದು ಅಕ್ಷರಶಃ ಸರಿ. ಅದೇ ವರ್ಷ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋದದ್ದು 1965ರ ಧ್ವನಿಮುದ್ರಣದ ಮರುಬಿಡುಗಡೆ. ಎರಡೂ ದೇಶಗಳ ಸ್ಥಾನಗಳನ್ನು ಒಂದೇ ವಾಕ್ಯದಲ್ಲಿ ಸೇರಿಸುವ ಮೊದಲು ಲೇಬಲ್ ನೋಡಿ: ವರ್ವ್ ಇದ್ದರೆ ಹಳೆಯದು, ಕರ್ಬ್ ಇದ್ದರೆ ಹೊಸದು.